ಬಾಣ ನಿಂತ ಬೆಳಗು

ನಮ್ಮೂರಿನಲ್ಲಿ ಬೆಳಿಗ್ಗೆ ಎದುರಾದವರನ್ನು ಯಾರೂ ಚೆನ್ನಾಗಿದೀರಾ ಎಂದು ಕೇಳುವುದಿಲ್ಲ. "ಇವತ್ತು ಎಲ್ಲಿ?" ಎಂದು ಕೇಳುತ್ತಾರೆ. ರಾತ್ರಿ ಕುಂಬಾರರ ಬೀದಿಯಲ್ಲಿದ್ದ ಮನೆ ಬೆಳಗಾಗುವಷ್ಟರಲ್ಲಿ ಕೆರೆ ಏರಿಯ ಪಕ್ಕಕ್ಕೆ ಬಂದಿರುತ್ತದೆ. ಏರಿಯ ಪಕ್ಕದಲ್ಲಿದ್ದದ್ದು ಆಸ್ಪತ್ರೆಯ ಹಿಂದೆ ಹೋಗಿರುತ್ತದೆ. ಮನೆಯ ಜೊತೆ ಅಂಗಳ ಬರುತ್ತದೆ, ಅಂಗಳದ ಕರಿಬೇವಿನ ಗಿಡ ಬರುತ್ತದೆ, ಕಂಬಕ್ಕೆ ಕಟ್ಟಿದ ಎಮ್ಮೆಯೂ ಬರುತ್ತದೆ. ಕಟ್ಟದೆ ಬಿಟ್ಟ ಎಮ್ಮೆ ಮಾತ್ರ ಹಳೇ ಜಾಗದಲ್ಲೇ ನಿಂತು, ಹೊಸದಾಗಿ ಬಂದ ಮನೆಯವರನ್ನು ಗುರಾಯಿಸುತ್ತಿರುತ್ತದೆ. ಬಾವಿ, ಬೀದಿ, ಶಾಲೆ, ಅಂಗಡಿ ಇವು ಕದಲುವುದಿಲ್ಲ. ಜನ ಮಲಗುವ ಮನೆಗಳು ಮಾತ್ರ ಕದಲುತ್ತವೆ.

ಇದರಿಂದ ನಮಗೆ ಅಂಥ ತೊಂದರೆಯೇನಿಲ್ಲ. ಶಾಲೆಯ ಹತ್ತಿರ ಬಂದ ದಿನ ಮಕ್ಕಳು ನಿಧಾನಕ್ಕೆ ಏಳುತ್ತವೆ, ಬಾವಿಯ ಹತ್ತಿರ ಬಂದ ದಿನ ಹೆಂಗಸರು ಕಂಬಳಿ ಒಗೆಯುತ್ತಾರೆ. ಪಕ್ಕದ ಮನೆಯವರು ಕಿರಿಕಿರಿಯವರಾದರೆ ಒಂದು ದಿನ ಸಹಿಸಿಕೊಂಡರಾಯಿತು. ಮಾತು ಬಿಟ್ಟವರಿಗೆ ಮಾತ್ರ ಒಂದು ಕಟ್ಟುಪಾಡು ಹಿಂದಿನಿಂದ ನಡೆದುಕೊಂಡು ಬಂದಿದೆ. ಇಬ್ಬರು ಜಗಳವಾಡಿ ಮಾತು ಬಿಟ್ಟರೆ ಯಾರೂ ನಡುವೆ ಹೋಗಿ ರಾಜಿ ಮಾಡಿಸುವುದಿಲ್ಲ, ಅವರಾಗಿ ಮಾತಾಡುವ ಹಾಗೂ ಇಲ್ಲ. ಎಂದಾದರೂ ಅವರ ಮನೆಗಳು ಪಕ್ಕಪಕ್ಕ ಬಂದು ನಿಂತರೆ, ಆ ದಿನ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಕುಡಿದು ಮಾತಾಡಲೇಬೇಕು. ಕೆಲವರಿಗೆ ಆ ದಿನ ವಾರದಲ್ಲೇ ಬರುತ್ತದೆ. ಕೆಲವರಿಗೆ ಬರುವುದೇ ಇಲ್ಲ.

ಯಾರ ಮನೆ ಎಲ್ಲಿದೆ ಎಂದು ಲೆಕ್ಕ ಇಡುವುದು ವಿಳಾಸ ಕಚೇರಿಯ ಕೆಲಸ. ಬೆಳಿಗ್ಗೆ ಐದೂವರೆಗೆ ಕಚೇರಿ ತೆರೆಯುತ್ತದೆ. ಜನ ಫೋನು ಮಾಡಿಯೋ ಸಾಲಿನಲ್ಲಿ ನಿಂತೋ ತಾವು ಇವತ್ತು ಯಾವ ಬೀದಿಯಲ್ಲಿದ್ದೇವೆ ಎಂದು ಹೇಳುತ್ತಾರೆ. ಪುಟ್ಟಲಿಂಗಯ್ಯನವರು ಕಂಪ್ಯೂಟರಿನ ಮುಂದೆ ಕೂತು, ನಕ್ಷೆಯಲ್ಲಿ ಆ ಮನೆಯ ಚೌಕವನ್ನು ಮೌಸಿನಿಂದ ಹಿಡಿದು ಹೊಸ ಜಾಗಕ್ಕೆ ಎಳೆದು ಬಿಡುತ್ತಾರೆ. ಒಟ್ಟು ಆರುನೂರ ಹನ್ನೆರಡು ಮನೆ. ಒಂಬತ್ತಕ್ಕೆ ನಕ್ಷೆ ಪೂರ್ತಿಯಾಗಬೇಕು. ಆಮೇಲೆ ಪೋಸ್ಟ್‌ಮ್ಯಾನ್, ಗ್ಯಾಸ್ ಸಿಲಿಂಡರಿನವನು, ಆಸ್ಪತ್ರೆಯ ನರ್ಸ್, ಮದುವೆ ಕರೆಯಲು ಹೊರಟವರು ಎಲ್ಲರೂ ಅದರ ಪ್ರತಿ ತೆಗೆದುಕೊಂಡು ಹೊರಡುತ್ತಾರೆ.

ನಾನು ಕಚೇರಿಯ ಎದುರು ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಮೊದಲು ರೇಡಿಯೋ, ಹೊಲಿಗೆ ಯಂತ್ರ ಸರಿಮಾಡುತ್ತಿದ್ದೆ. ಈಗ ಹೆಚ್ಚಾಗಿ ಕಂಪ್ಯೂಟರು, ಮೊಬೈಲು. ಕಚೇರಿಯ ವಾರಿಜಾ ಮೇಡಂ ಒಂದು ಶನಿವಾರ ಮಧ್ಯಾಹ್ನ ರಸ್ತೆ ದಾಟಿ ಬಂದು ಬಾಗಿಲಲ್ಲಿ ನಿಂತರು. ಅವರು ಯಾವತ್ತೂ ಕೂರುವವರಲ್ಲ.

"ವನಮಾಲಮ್ಮ, ನಮ್ಮ ಬಾಣ ನಿಂತುಹೋಗ್ತಿದೆ" ಅಂದರು.

ಪರದೆಯ ಮೇಲೆ ಓಡಾಡುವ ಆ ಚಿಕ್ಕ ಬಿಳಿ ಗುರುತಿಗೆ ನಮ್ಮೂರಿನಲ್ಲಿ ಬಾಣ ಎಂದೇ ಹೆಸರು. ದಿನಾ ಬೆಳಿಗ್ಗೆ ಏಳರ ಮೇಲೆ ಅದು ಇದ್ದಕ್ಕಿದ್ದಂತೆ ನಿಂತುಬಿಡುತ್ತದಂತೆ. ಮೌಸನ್ನು ಎಷ್ಟು ಆಡಿಸಿದರೂ ಕದಲುವುದಿಲ್ಲ. ಒಂದೆರಡು ನಿಮಿಷ ಬಿಟ್ಟು ತಾನೇ ಎಲ್ಲಿಗೋ ಹಾರುತ್ತದೆ. ಹಾಗೆ ಹಾರಿದಾಗ ಕೈಯಲ್ಲಿ ಹಿಡಿದ ಮನೆಯ ಚೌಕ ಇನ್ಯಾವುದೋ ಬೀದಿಗೆ ಬೀಳುತ್ತದೆ. ಹಿಂದಿನ ದಿನ ಪೋಸ್ಟ್‌ಮ್ಯಾನ್ ಒಂದು ಕಾಗದ ಹಿಡಿದು ಊರೆಲ್ಲ ಸುತ್ತಿ, ಕೊನೆಗೆ ಅದು ತನ್ನದೇ ಅತ್ತೆ ಮನೆಯದೆಂದು ಗೊತ್ತಾಗಿ ಬೈದುಕೊಂಡು ಬಂದಿದ್ದನಂತೆ.

ನಾನು ಹೋಗಿ ಮೌಸನ್ನು ತಿರುವಿ ನೋಡಿದೆ. ಕೆಳಗಿನ ಕೆಂಪು ದೀಪದ ಕಿಂಡಿಯಲ್ಲಿ ಒಂದು ನರೆಗೂದಲು ಸಿಕ್ಕಿಕೊಂಡಿತ್ತು. ಪುಟ್ಟಲಿಂಗಯ್ಯನವರು ತಲೆ ಸವರಿಕೊಂಡರು. ಅವರು ಮೌಸನ್ನು ಹಳೇ ಕ್ಯಾಲೆಂಡರಿನ ಹೊಳೆಯುವ ಹಾಳೆಯ ಮೇಲೆ ಆಡಿಸುತ್ತಿದ್ದರು. ಹೊಳಪಿನ ಮೇಲೆ ಆ ದೀಪಕ್ಕೆ ದಾರಿ ತಪ್ಪುತ್ತದೆ. ಕೂದಲು ತೆಗೆದು, ಹತ್ತಿ ಬಟ್ಟೆಯಲ್ಲಿ ಒರೆಸಿ, ಹಾಳೆಯ ಬದಲು ಕಪ್ಪು ರಟ್ಟು ಇಟ್ಟೆ. ಬಾಣ ನೀರಿನಲ್ಲಿ ಮೀನು ಹೋದ ಹಾಗೆ ಹೋಯಿತು. ನಾನು ಜಂಬದಿಂದಲೇ ಅಂಗಡಿಗೆ ಬಂದೆ.

ಮರುದಿನ ಬೆಳಿಗ್ಗೆ ಏಳೂಕಾಲಿಗೆ ಫೋನು ಬಂತು. ಬಾಣ ಮತ್ತೆ ನಿಂತಿತ್ತು. ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋದೆ. ನನ್ನ ಅಂಗಡಿಯ ಹೊಸ ಮೌಸ್ ಹಾಕಿದೆ. ಅದರ ವೈರನ್ನು ಕಂಪ್ಯೂಟರ್ ಡಬ್ಬಿಯ ಮುಂದಿನ ಕಿಂಡಿಯಿಂದ ತೆಗೆದು ಹಿಂದಿನ ಕಿಂಡಿಗೆ ಚುಚ್ಚಿದೆ. ಡಬ್ಬಿ ಬಿಚ್ಚಿ ಒಳಗಿನ ಧೂಳು ಊದಿದೆ. ಫ್ಯಾನಿನ ರೆಕ್ಕೆಗೆ ಜೇಡ ಬಲೆ ಕಟ್ಟಿತ್ತು, ಅದನ್ನೂ ತೆಗೆದೆ. ಎಲ್ಲ ಸರಿಯಾಗಿತ್ತು. ಮರುದಿನ ಏಳು ಗಂಟೆಗೆ ಮತ್ತೆ ಫೋನು.

ಆಗ ನನಗೇ ನಾಚಿಕೆಯಾಯಿತು. ಸಂಜೆ ಬರುವ ಜ್ವರವನ್ನು ಬೆಳಿಗ್ಗೆ ಬಂದು ನಾಡಿ ನೋಡಿ ಏನೂ ಇಲ್ಲ ಎಂದು ಹೇಳಿಹೋಗುವ ವೈದ್ಯನ ಹಾಗೆ ಮಾಡುತ್ತಿದ್ದೆ. ಮಾರನೆಯ ದಿನ ಆರು ಗಂಟೆಗೇ ಹೋಗಿ ಪುಟ್ಟಲಿಂಗಯ್ಯನವರ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಆ ದಿನ ನಮ್ಮ ಮನೆ ಕಚೇರಿಗೆ ಹತ್ತಿರದ ಬಸ್ ನಿಲ್ದಾಣದ ಹಿಂದೆಯೇ ಬಂದಿದ್ದರಿಂದ ಅನುಕೂಲವೂ ಆಯಿತು.

ಪುಟ್ಟಲಿಂಗಯ್ಯನವರಿಗೆ ಐವತ್ತೊಂಬತ್ತು. ಒಂಟಿ ಮನುಷ್ಯ, ಮಿತಭಾಷಿ, ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವರು ಕೆಲಸ ಮಾಡುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಫೋನು ಎತ್ತಿ, "ಹೇಳಿ, ಎಲ್ಲಿದೀರಿ" ಎಂದು ಕೇಳಿ, ಬೀದಿಯ ಹೆಸರನ್ನು ಎರಡು ಸಲ ತಾವೇ ಹೇಳಿ ಖಚಿತ ಮಾಡಿಕೊಂಡೇ ಚೌಕವನ್ನು ಎಳೆಯುತ್ತಿದ್ದರು. ಏಳರವರೆಗೆ ಎಲ್ಲ ಸರಾಗ. ಸಾಲು ಬಾಗಿಲಾಚೆ ಬೆಳೆಯಿತು. ಒಂದೇ ಸಮ ಫೋನು. ಪ್ರಿಂಟರು ಕೂಡ ಶುರುವಾಯಿತು. ಆಗ ಬಾಣ, ಬೆಲ್ಲದ ಪಾಕದಲ್ಲಿ ಕಾಲಿಟ್ಟ ಇರುವೆಯ ಹಾಗೆ ತಡವರಿಸಿತು. ಒಂದು ಹೆಜ್ಜೆ ಹೋಗುವುದು, ನಿಲ್ಲುವುದು. ಕೊನೆಗೆ ನಿಂತೇಬಿಟ್ಟಿತು.

"ನೋಡಮ್ಮ, ಇದೇ" ಅಂದರು ಪುಟ್ಟಲಿಂಗಯ್ಯನವರು.

ನಾನು ಬಾಣವನ್ನು ಬಿಟ್ಟು ಪರದೆಯ ಮೂಲೆಯ ಗಡಿಯಾರ ನೋಡಿದೆ. ಅದೂ ನಿಂತಿತ್ತು. ಆಮೇಲೆ ಒಮ್ಮೆಗೇ ಹನ್ನೊಂದು ಸೆಕೆಂಡು ಹಾರಿತು. ಕೀಲಿಮಣೆಯ ಮೇಲೆ ನಾಲ್ಕು ಅಕ್ಷರ ಒತ್ತಿದೆ. ನಾಲ್ಕೂ ತಡವಾಗಿ ಒಟ್ಟಿಗೆ ಬಂದವು. ಹಾಗಾದರೆ ತಪ್ಪು ಮೌಸಿನದಲ್ಲ. ಯಂತ್ರ ಎಷ್ಟು ಕೆಲಸದಲ್ಲಿ ಮುಳುಗಿತ್ತೆಂದರೆ ಕೈ ಆಡಿದ್ದನ್ನು ಗಮನಿಸಲೂ ಅದಕ್ಕೆ ಬಿಡುವಿರಲಿಲ್ಲ. ಯಾವ ಯಾವ ಕೆಲಸ ನಡೆದಿದೆ ಎಂದು ತೋರಿಸುವ ಪಟ್ಟಿಯೊಂದಿದೆ. ಅದನ್ನು ತೆರೆಯಲು ಹೋದಾಗ ಪುಟ್ಟಲಿಂಗಯ್ಯನವರು ಕೆಮ್ಮಿದರು.

"ಅದೆಲ್ಲ ಯಾಕಮ್ಮ? ಬೇರೆ ಮೌಸ್ ಹಾಕಿದರೆ ಆಗಲ್ವಾ?"

"ಹೊಸದು ಹಾಕಿ ಆಯ್ತಲ್ಲ ಸಾರ್."

ಪಟ್ಟಿ ತೆರೆಯಲು ಮೂರು ನಿಮಿಷ ಹಿಡಿಯಿತು. ನಕ್ಷೆಯ ಕೆಲಸಕ್ಕೆ ಯಂತ್ರದ ಶಕ್ತಿ ನೂರರಲ್ಲಿ ಆರು ಭಾಗ, ಪ್ರಿಂಟರಿಗೆ ಎರಡು. ಮಿಕ್ಕದ್ದನ್ನೆಲ್ಲ ಒಂದೇ ಒಂದು ಕೆಲಸ ನುಂಗುತ್ತಿತ್ತು. ಅದರ ಹೆಸರು 'ಪಕ್ಕ'. ಸಾಲದೆಂಬಂತೆ, ಎಲ್ಲಕ್ಕಿಂತ ಮೊದಲು ಇದನ್ನೇ ಮಾಡು ಎಂದು ಯಾರೋ ಯಂತ್ರಕ್ಕೆ ಅಪ್ಪಣೆಯನ್ನೂ ಕೊಟ್ಟಿದ್ದರು.

ನಾನು ಪುಟ್ಟಲಿಂಗಯ್ಯನವರ ಮುಖ ನೋಡಿದೆ. ಅವರು ಸಾಲಿನ ಕಡೆ ತಿರುಗಿ, "ಮುಂದಿನವರು ಬನ್ನಿ" ಅಂದರು.

ಒಂಬತ್ತರ ಮೇಲೆ ಜನ ಕರಗಿದರು. ಮೇಡಂ ತಮ್ಮ ಕೋಣೆಗೆ ಹೋದರು. ಪುಟ್ಟಲಿಂಗಯ್ಯನವರು ಫ್ಲಾಸ್ಕಿನಿಂದ ನನಗೆ ಕಾಫಿ ಬಗ್ಗಿಸಿಕೊಟ್ಟು, ತಾವೇ ಹೇಳಿದರು.

ಅವರಿಗೆ ದೇವೀರಮ್ಮ ಎಂಬ ಅಕ್ಕ. ತಾಯಿ ಬೇಗ ಹೋಗಿದ್ದರಿಂದ ಇವರನ್ನು ಸಾಕಿದ್ದು ಆಕೆಯೇ. ಹದಿನಾಲ್ಕು ವರ್ಷದ ಹಿಂದೆ ಆಕೆಯ ಮಗಳ ಮದುವೆ. ಮದುವೆಗೆ ಆಕೆಯ ಮನೆಯ ಮುಂದೆಯೇ ಚಪ್ಪರ. ಆ ದಿನ ಬೆಳಿಗ್ಗೆ ಅಕ್ಕ ಫೋನಿನಲ್ಲಿ ಮನೆ ಯಾವ ಬೀದಿಯಲ್ಲಿದೆ ಎಂದು ಹೇಳಿದರು. ಇವರು ಹೊಂಗೇಮರದ ಬೀದಿ ಎಂದು ನಕ್ಷೆಯಲ್ಲಿ ಇಟ್ಟರು. ಮನೆ ಇದ್ದದ್ದು ಹುಣಸೇಮರದ ಬೀದಿಯಲ್ಲಿ. ಗಂಡಿನ ಕಡೆಯವರು ಹೊರಗಿನ ಊರಿನವರು, ನಕ್ಷೆ ನಂಬಿ ಊರಿನ ಇನ್ನೊಂದು ತುದಿಗೆ ಹೋದರು. ಹುಡುಕಿಕೊಂಡು ಬರುವಷ್ಟರಲ್ಲಿ ಮುಹೂರ್ತ ದಾಟಿತ್ತು. ಮದುವೆಯೇನೋ ಸಂಜೆ ಇನ್ನೊಂದು ಲಗ್ನದಲ್ಲಿ ನಡೆಯಿತು. ಆದರೆ ಅಕ್ಕತಮ್ಮಂದಿರ ನಡುವೆ ಚಪ್ಪರದ ಕೆಳಗೇ ಮಾತು ಬೆಳೆಯಿತು.

"ನಾನು ಹುಣಸೆ ಅಂದೆ, ನೀನು ಹೊಂಗೆ ಅಂತ ಕೇಳಿಸ್ಕೊಂಡೆ ಅಂತ ಅವಳು. ನೀನು ಅಂದಿದ್ದೇ ಹೊಂಗೆ ಅಂತ ನಾನು. ಅಷ್ಟೇ ಕಣಮ್ಮ. ಅವತ್ತಿಂದ ಮಾತಿಲ್ಲ."

"ಮನೆಗಳು ಒಂದು ದಿನಾನೂ ಪಕ್ಕ ಬರಲಿಲ್ವಾ?"

"ಒಂದು ಸಲ ಎದುರುಬದುರು ಬಂತು. ಎದುರು ಅಂದರೆ ಪಕ್ಕ ಅಲ್ಲವಲ್ಲ." ಲೋಟದ ಅಂಚನ್ನು ಹೆಬ್ಬೆರಳಿನಿಂದ ಒರೆಸಿದರು. "ಒಂಬತ್ತು ವರ್ಷದ ಹಿಂದೆ ಇಲ್ಲಿ ಒಬ್ಬರು ಗಣಿತದ ಮೇಷ್ಟ್ರಿದ್ದರು. ಮನೆಗಳು ಹೋದ ದಾರಿಯೆಲ್ಲ ಸೇರಿಸಿ ಲೆಕ್ಕ ಹಾಕಿದರೆ, ನಮ್ಮಿಬ್ಬರ ಮನೆ ಯಾವತ್ತು ಪಕ್ಕ ಬರುತ್ತೆ ಅಂತ ಮೊದಲೇ ಗೊತ್ತಾಗಬಹುದು ಅಂದರು. ಅವರೇ ಬರೆದುಕೊಟ್ಟರು ಇದನ್ನ."

"ಗೊತ್ತಾಯ್ತಾ?"

"ದಿನಾ ಒಂದು ತಾರೀಕು ಹೇಳುತ್ತೆ. ಆ ದಿನ ಬರೋದಿಲ್ಲ. ಮಾರನೇ ದಿನ ಇನ್ನೊಂದು ಹೇಳುತ್ತೆ."

ದಿನಾ ಬೆಳಿಗ್ಗೆ ನಕ್ಷೆಗೆ ಮನೆಗಳು ಸೇರಿದ ಹಾಗೆಲ್ಲ ಅದು ಒಂಬತ್ತು ವರ್ಷದ ಅಷ್ಟೂ ಬೆಳಗುಗಳನ್ನು, ಆರುನೂರ ಹನ್ನೆರಡು ಮನೆಗಳನ್ನು ಮೊದಲಿನಿಂದ ಲೆಕ್ಕ ಹಾಕುತ್ತಿತ್ತು. ದಿನ ಕಳೆದಂತೆ ಭಾರ ಏರಿತ್ತು. ಬಾಣ ನಿಂತದ್ದರಲ್ಲಿ ಆಶ್ಚರ್ಯವಿರಲಿಲ್ಲ.

"ತೆಗೆದುಬಿಡ್ತೀಯಾ?" ಎಂದು ಕೇಳಿದರು. ಅಷ್ಟು ದೊಡ್ಡ ಮನುಷ್ಯ ಮೇಷ್ಟ್ರ ಮುಂದೆ ನಿಂತ ಹಾಗೆ ಕೇಳಿದಾಗ ನನಗೆ ತೆಗೆಯುತ್ತೇನೆ ಎನ್ನಲು ಬಾಯಿ ಬರಲಿಲ್ಲ. ಮೊದಲು ಮಾಡು ಎಂಬ ಅಪ್ಪಣೆಯನ್ನು ಬದಲಿಸಿ, ಬೇರೆ ಯಾವ ಕೆಲಸವೂ ಇಲ್ಲದಾಗ ಮಾತ್ರ ಮಾಡು ಎಂದು ಹಾಕಿದೆ. ಬಾಣ ಓಡಾಡಿತು. ಮೇಡಂ ಬಂದು ನೋಡಿ, "ಏನಾಗಿತ್ತು?" ಎಂದು ಕೇಳಿದರು. "ಧೂಳು" ಅಂದೆ. ಪುಟ್ಟಲಿಂಗಯ್ಯನವರು ಕಾಫಿ ಲೋಟ ತೊಳೆಯಲು ಎದ್ದುಹೋದರು.

ಎಂಟು ದಿನ ಎಲ್ಲ ಸರಿಯಾಗಿ ನಡೆಯಿತು. ಒಂಬತ್ತನೆಯದು ತಿಂಗಳ ಮೊದಲ ದಿನ. ಶಾಲೆಗೆ, ಆಸ್ಪತ್ರೆಗೆ, ನೀರಿನವರಿಗೆ ಎಲ್ಲರಿಗೂ ಹಿಂದಿನ ತಿಂಗಳ ಪಟ್ಟಿಗಳನ್ನೂ ಸೇರಿಸಿ ಅಚ್ಚು ಹಾಕಿಕೊಡುವ ದಿನ. ನಾನು ಸರತಿ ಬದಲಿಸಿದ್ದೆನೇ ಹೊರತು ಹೊರೆ ಇಳಿಸಿರಲಿಲ್ಲ. ಯಂತ್ರದ ನೆನಪಿನ ತುಂಬ 'ಪಕ್ಕ'ವೇ ಕೂತಿತ್ತು. ಅದು ತಪ್ಪೆಂದು ನನಗೆ ಗೊತ್ತಾಗಬೇಕಿತ್ತು.

ಏಳೂಮುಕ್ಕಾಲಿಗೆ ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ನರ್ಸ್ ರೋಸಮ್ಮ ಸೈಕಲ್ಲನ್ನು ಕಚೇರಿಯ ಗೋಡೆಗೆ ಒರಗಿಸುವಷ್ಟೂ ವ್ಯವಧಾನವಿಲ್ಲದೆ ಬೀಳಿಸಿ ಒಳಗೆ ಓಡಿದ್ದು ಕಾಣಿಸಿತು. ಹಿಂದೆಯೇ ಮೇಡಂ ಹೊರಗೆ ಬಂದು ನನ್ನ ಕಡೆ ಎರಡೂ ಕೈ ಬೀಸಿದರು.

ಒಳಗೆ ಬಾಣ ನಿಂತಿತ್ತು. ಪರದೆಯ ಮೇಲೆ ನಕ್ಷೆಯ ಕೆರೆ ಏರಿಯ ಭಾಗ ಮಾತ್ರ, ನಡುವೆ ಯಾರದೋ ಮನೆಯ ಚೌಕ ಅರ್ಧ ದಾರಿಯಲ್ಲಿ ನೇತಾಡುತ್ತಿತ್ತು. ಮೌಸಿಗೂ ಕೀಲಿಮಣೆಗೂ ಯಂತ್ರ ಜಪ್ಪಯ್ಯ ಅನ್ನಲಿಲ್ಲ. ಫ್ಯಾನು ಮಾತ್ರ ಬಿರುಗಾಳಿಯ ಹಾಗೆ ಸದ್ದು ಮಾಡುತ್ತಿತ್ತು.

"ಸುಗುಣ ಫೋನ್ ಮಾಡಿದ್ದಳು" ಅಂದರು ರೋಸಮ್ಮ, ಏದುಸಿರು ಬಿಡುತ್ತ. "ನೀರು ಹೋಗಿದೆ ಸಿಸ್ಟರ್, ಬೇಗ ಬನ್ನಿ ಅಂದಳು. ಎಲ್ಲಿದೀಯ ಅನ್ನೋಷ್ಟರಲ್ಲಿ ಕಟ್ ಆಯ್ತು. ಈಗ ಎತ್ತುತ್ತಾ ಇಲ್ಲ. ಗಂಡ ಬೇರೆ ಊರಲ್ಲಿಲ್ಲ. ಮಗು ಅಡ್ಡ ಇದೆ ಅಂತ ಹೋದ ವಾರ ನಾನೇ ನೋಡಿದ್ದೆ. ಎಲ್ಲಿದೆ ಅವಳ ಮನೆ?"

"ಬೆಳಿಗ್ಗೆನೇ ಇಟ್ಟಿದೀನಿ" ಅಂದರು ಪುಟ್ಟಲಿಂಗಯ್ಯನವರು. "ಇದರಲ್ಲೇ ಇದೆ. ತೋರಿಸ್ತಾ ಇಲ್ಲ."

"ಆಫ್ ಮಾಡಿ ಆನ್ ಮಾಡಿ ವನಮಾಲಮ್ಮ" ಅಂದರು ಮೇಡಂ.

ಆಫ್ ಮಾಡಿದರೆ ನಕ್ಷೆ ತೆರೆದುಕೊಳ್ಳುವುದಕ್ಕೇ ಇಪ್ಪತ್ತು ನಿಮಿಷ. ತೆರೆದರೂ ಅದು ನಿನ್ನೆಯ ನಕ್ಷೆ. ಇವತ್ತಿನದು ಇನ್ನೂ ಸೇವ್ ಆಗಿರಲಿಲ್ಲ. ಅವತ್ತು ನಾನು ಧೂಳು ಎಂದು ಸುಳ್ಳು ಹೇಳದೆ ಇದ್ದಿದ್ದರೆ ಇವತ್ತು ಹೀಗಾಗುತ್ತಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಪುಟ್ಟಲಿಂಗಯ್ಯನವರು ಕುರ್ಚಿಯಿಂದ ಎದ್ದರು. ಮೂವತ್ತು ವರ್ಷದಲ್ಲಿ ಒಂಬತ್ತಕ್ಕೆ ಮುಂಚೆ ಅವರು ಆ ಕುರ್ಚಿ ಬಿಟ್ಟು ಎದ್ದದ್ದನ್ನು ಯಾರೂ ನೋಡಿರಲಿಲ್ಲ. ಸಾಲಿನವರು ತಾವಾಗಿ ದಾರಿ ಬಿಟ್ಟರು.

"ಸಿಸ್ಟರ್, ಸೈಕಲ್ ಬಿಡಿ, ನನ್ನ ಜೊತೆ ಬನ್ನಿ" ಅಂದರು. "ಬೀದಿ ನೆನಪಿಲ್ಲ. ಆದರೆ ಸುಗುಣನ ಮನೆ ಇಟ್ಟಾಗ ನಮ್ಮ ಅಕ್ಕನ ಮನೆ ಹತ್ತಿರಾನೇ ಇತ್ತು. ಅಕ್ಕನ ಮನೆ ಸುತ್ತ ಯಾರ್ಯಾರಿದಾರೆ ಅಂತ ನಾನು ದಿನಾ ನೋಡ್ತೀನಿ. ಅಕ್ಕ ಇವತ್ತು ಕಮ್ಮಾರರ ಬೀದೀಲಿದಾಳೆ."

ಮೇಡಂ ಮಿಕ್ಕವರನ್ನು ಬೇರೆ ಬೀದಿಗಳಿಗೂ ಓಡಿಸಿದರು, ನೆನಪು ತಪ್ಪಾಗಿದ್ದರೆ ಇರಲಿ ಎಂದು. ನಾನು ರೋಸಮ್ಮನ ಚೀಲ ಹಿಡಿದುಕೊಂಡೆ. ಮೂವರೂ ಓಡಿದೆವು. ಪುಟ್ಟಲಿಂಗಯ್ಯನವರ ಅಂಗಿ ಪ್ಯಾಂಟಿನಿಂದ ಹೊರಗೆ ಬಂದಿತ್ತು.

ಕಮ್ಮಾರರ ಬೀದಿ ಉದ್ದದ ಬೀದಿ. ಎರಡೂ ಕಡೆ ಸೇರಿ ಐವತ್ತು ಮನೆಗೆ ಕಮ್ಮಿಯಿಲ್ಲ. ಮೊದಲ ಮನೆಯಲ್ಲಿ ಕೇಳಿದೆವು. ಪಕ್ಕದಲ್ಲಿ ಯಾರು ಬಂದಿದ್ದಾರೆ ಎಂದು ಇನ್ನೂ ನೋಡಿಲ್ಲ ಅಂದರು. ಎರಡನೆಯ ಮನೆಯಲ್ಲೂ ಅದೇ. ಎಂಟು ಗಂಟೆಗೆ ಯಾರಿಗೆ ತಾನೇ ಗೊತ್ತಿರುತ್ತದೆ? ಬೀದಿಯ ನಡುವೆ ಹಸಿರು ಬಾಗಿಲಿನ ಮನೆಯೊಂದರ ಮುಂದೆ ಬಿಳಿ ಕೂದಲಿನ ಗಟ್ಟಿ ಹೆಂಗಸೊಬ್ಬರು ಸೊಂಟಕ್ಕೆ ಸೆರಗು ಸಿಕ್ಕಿಸಿ ರಂಗೋಲಿ ಇಡುತ್ತಿದ್ದರು. ಪುಟ್ಟಲಿಂಗಯ್ಯನವರು ಅಲ್ಲಿಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತುಬಿಟ್ಟರು.

"ನಾನು ಕೇಳ್ತೀನಿ ಸಾರ್" ಅಂದೆ.

"ಬೇಡಮ್ಮ" ಅಂದರು. ಅಂಗಿಯನ್ನು ಒಳಗೆ ಸಿಕ್ಕಿಸಿಕೊಳ್ಳಲು ಹೋದರು, ಅರ್ಧಕ್ಕೇ ಬಿಟ್ಟು ಮುಂದೆ ಹೋದರು.

"ಅಕ್ಕ."

ದೇವೀರಮ್ಮ ತಲೆ ಎತ್ತಿದರು. ರಂಗೋಲಿ ಪುಡಿ ಬೆರಳ ಸಂದಿಯಿಂದ ಸುರಿಯುತ್ತಲೇ ಇತ್ತು. ಒಂದು ಚಿಕ್ಕ ಗುಡ್ಡೆಯಾಯಿತು.

"ಅಕ್ಕ, ಸುಗುಣ ಅಂತ, ಬಸುರಿ ಹೆಂಗಸು. ನಿನ್ನ ಅಕ್ಕಪಕ್ಕ ಎಲ್ಲೋ ಇದಾಳೆ. ಹೆರಿಗೆ ನೋವು ಬಂದಿದೆ. ಒಬ್ಬಳೇ ಇದಾಳೆ."

ಆಕೆ ತಮ್ಮನ ಮುಖ ನೋಡಿದರು, ಅವರ ಹಿಂದೆ ನಿಂತ ರೋಸಮ್ಮನನ್ನು ನೋಡಿದರು. ಕಟ್ಟುಪಾಡು ಇಬ್ಬರಿಗೂ ಗೊತ್ತಿತ್ತು. ಇಬ್ಬರ ಮನೆಗಳ ನಡುವೆ ಆ ದಿನ ಅರ್ಧ ಊರಿತ್ತು.

"ಎಡಗಡೆ ಸಾಲು, ಐದನೇ ಮನೆ. ನೀಲಿ ಕಿಟಕಿ" ಅಂದರು ದೇವೀರಮ್ಮ. "ಬೆಳಗ್ಗೆ ಆರಕ್ಕೇ ಮಾತಾಡ್ಸ್ಕೊಂಡು ಬಂದಿದೀನಿ. ನಿಂತ್ಕಂಡು ನನ್ನ ಮುಖ ಏನ್ ನೋಡ್ತೀಯ, ಓಡು!"

ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಪುಟ್ಟಲಿಂಗಯ್ಯನವರು ಭುಜ ಕೊಟ್ಟು ಎರಡು ಸಲ ತಳ್ಳಿದರು, ಮೂರನೆಯದಕ್ಕೆ ಚಿಲಕ ಕಿತ್ತು ಬಂತು. ಸುಗುಣ ಅಡುಗೆ ಮನೆಯ ಹೊಸ್ತಿಲ ಮೇಲೆ ಗೋಡೆಗೊರಗಿ ಕೂತಿದ್ದಳು. ಫೋನು ಅವಳ ಕೈಗೆಟುಕದ ದೂರದಲ್ಲಿ ಬಿದ್ದಿತ್ತು. "ಬಂದ್ರಾ ಸಿಸ್ಟರ್" ಎಂದಷ್ಟೇ ಅಂದಳು. ರೋಸಮ್ಮ ಚೀಲ ಕಿತ್ತುಕೊಂಡು, ನಮ್ಮನ್ನು ಹೊರಗೆ ಅಟ್ಟಿ ಬಾಗಿಲು ಎಳೆದುಕೊಂಡರು.

ನಾವಿಬ್ಬರೂ ಜಗಲಿಯ ಮೇಲೆ ಕೂತೆವು. ಸ್ವಲ್ಪ ಹೊತ್ತಿನಲ್ಲಿ ದೇವೀರಮ್ಮ ಎರಡೂ ಕೈಯಲ್ಲಿ ಬಿಸಿನೀರಿನ ಹಂಡೆ ಎತ್ತಿಕೊಂಡು ಬಂದು, ನಮ್ಮನ್ನು ಕಣ್ಣೆತ್ತಿಯೂ ನೋಡದೆ ಒಳಗೆ ಹೋದರು. ಒಳಗಿನಿಂದ ರೋಸಮ್ಮನ ಗದರಿಕೆ, ದೇವೀರಮ್ಮನ ಸಮಾಧಾನ, ಸುಗುಣಳ ಕೂಗು ಒಂದರ ಮೇಲೊಂದು ಕೇಳುತ್ತಿದ್ದವು. ಪುಟ್ಟಲಿಂಗಯ್ಯನವರು ಮಂಡಿಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದರು. ನಾನು ಅವರಿಗೆ ನನ್ನ ತಪ್ಪು ಹೇಳಿದೆ. ತೆಗೆಯಬೇಕಾದ್ದನ್ನು ತೆಗೆಯದೆ ಬಿಟ್ಟದ್ದು ನಾನೇ ಎಂದೆ.

"ಬೇಡ್ಕೊಂಡಿದ್ದು ನಾನಲ್ವಾ" ಅಂದರು.

ಒಂಬತ್ತೂವರೆಗೆ ಮಗು ಅತ್ತಿತು. ರೋಸಮ್ಮ ಮಗುವನ್ನು ತಿರುಗಿಸಿದ್ದು ಹೇಗೆಂದು ಅವರೇ ಇವತ್ತಿಗೂ ಕೈ ಆಡಿಸಿ ವಿವರಿಸುತ್ತಾರೆ. ನನಗೆ ಅರ್ಥವಾಗುವುದಿಲ್ಲ. ಹೆಣ್ಣುಮಗು, ಕಪ್ಪು ಕೂದಲು ತಲೆ ತುಂಬ. ತಾಯಿ ಕ್ಷೇಮವಾಗಿದ್ದಳು.

ದೇವೀರಮ್ಮ ಖಾಲಿ ಹಂಡೆ ಹಿಡಿದು ಹೊರಗೆ ಬಂದರು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಪುಟ್ಟಲಿಂಗಯ್ಯನವರು ಎದ್ದು ನಿಂತರು.

"ತೆಳ್ಳಗಾಗಿದೀಯ" ಅಂದರು ಆಕೆ.

"ಮನೆಗಳು ಪಕ್ಕ ಬಂದಿಲ್ಲ ಅಕ್ಕ."

"ಬಂದಿಲ್ಲ. ಅದಕ್ಕೇನೀಗ? ಬರೋವರೆಗೂ ಆ ಮಗೂನ ಹೊಟ್ಟೇಲೇ ಇಟ್ಕೊಂಡಿರು ಅಂತ ಹೇಳ್ಬೇಕಿತ್ತಾ?" ಹಂಡೆಯನ್ನು ತಮ್ಮನ ಕೈಗೆ ಕೊಟ್ಟರು. "ಹಿಡ್ಕೋ. ಬಾ, ರೊಟ್ಟಿ ತಟ್ತೀನಿ. ನೀನೂ ಬಾರವ್ವ, ಯಾರ ಮಗಳು ನೀನು?"

ಆ ಬೆಳಿಗ್ಗೆ ನಾನು ದೇವೀರಮ್ಮನ ಮನೆಯಲ್ಲಿ ಮೂರು ಅಕ್ಕಿರೊಟ್ಟಿ ತಿಂದೆ. ಪುಟ್ಟಲಿಂಗಯ್ಯನವರು ಮೊದಲು ನೀರು ಕೇಳಿ ಕುಡಿದರು. ಲೋಟ ಕೆಳಗಿಡುವಾಗ ಅವರ ಕಣ್ಣು ಒದ್ದೆಯಾಗಿತ್ತು. ಚಟ್ನಿ ಖಾರ ಅಂದರು. ಇನ್ನೂ ತಿಂದಿರಲಿಲ್ಲ. ಎರಡನೇ ರೊಟ್ಟಿಗೆ ಬರುವಷ್ಟರಲ್ಲಿ ಅಕ್ಕ, "ಅವತ್ತು ನಾನು ಹುಣಸೆ ಅಂತಾನೇ ಅಂದಿದ್ದು" ಅಂದರು. ತಮ್ಮ, "ಇರಬಹುದು" ಅಂದರು. "ಇರಬಹುದು ಅಂದ್ರೇನು, ಹೌದು ಅನ್ನು" ಅಂದರು ಅಕ್ಕ. ತಮ್ಮ ಹೌದು ಅನ್ನಲಿಲ್ಲ. ಇಬ್ಬರೂ ಜೋರು ದನಿಯಲ್ಲಿ ಮತ್ತೆ ಶುರುಮಾಡಿದರು. ನಾನು ಗಾಬರಿಯಾಗಿ ಕೈ ತೊಳೆಯಲು ಏಳಹೋದೆ. ದೇವೀರಮ್ಮ ಮಾತಿನ ನಡುವೆಯೇ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು, ಕೇಳದೆ ತಮ್ಮನ ತಟ್ಟೆಗೆ ಬೆಣ್ಣೆಯನ್ನೂ ಹಾಕಿದರು. ಆಗ ನನಗೆ ಧೈರ್ಯ ಬಂತು.

ಕಚೇರಿಗೆ ಮರಳಿದಾಗ ಹನ್ನೊಂದು. ಯಂತ್ರ ತಾನಾಗಿ ಸುಧಾರಿಸಿಕೊಂಡಿತ್ತು. ಪುಟ್ಟಲಿಂಗಯ್ಯನವರು ಕುರ್ಚಿಯಲ್ಲಿ ಕೂತು, "ಎಲ್ಲಿ ತೆಗೆಯೋದು, ತೋರಿಸಮ್ಮ" ಅಂದರು. ತೋರಿಸಿದೆ. ಅವರು ಬಾಣವನ್ನು ಅದರ ಮೇಲಿಟ್ಟರು. ಶಾಶ್ವತವಾಗಿ ಅಳಿಸಲೇ ಎಂದು ಯಂತ್ರ ಕೇಳಿತು. ಇವತ್ತು ಅದು ಯಾವ ತಾರೀಕು ಹೇಳಿದೆ ಎಂದು ಒಂದು ಸಲ ನೋಡಿಬಿಡಲೇ ಎಂಬ ಆಸೆ ಅವರ ಮುಖದ ಮೇಲೆ ಬಂದದ್ದು ನನಗೆ ಕಂಡಿತು. ನೋಡಲಿಲ್ಲ. ಹೌದು ಎಂಬುದರ ಮೇಲೆ ಒತ್ತಿದರು. ಒಂಬತ್ತು ವರ್ಷದ ಲೆಕ್ಕ ಅಳಿಸಿಹೋಗಲು ನಲವತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಇಬ್ಬರೂ ಕೂತು ನೋಡಿದೆವು.

ಮೇಡಂಗೆ ನಾನೇ ಹೋಗಿ ಎಲ್ಲ ಹೇಳಿದೆ. ಅವರು ನನ್ನನ್ನು ನಿಲ್ಲಿಸಿಯೇ ಬೈದರು. "ಮಗುವಿಗೆ ಏನಾದರೂ ಆಗಿದ್ದರೆ?" ಎಂದು ಕೇಳಿದರು. ಕೊನೆಗೆ, "ಇನ್ನು ಮೇಲೆ ಕರುಣೆ ತೋರಿಸೋದಿದ್ದರೆ ಮೊದಲು ನನ್ನ ಗಮನಕ್ಕೆ ತನ್ನಿ" ಅಂದರು. ಅವತ್ತಿನಿಂದ ಎಂಥ ಸಣ್ಣ ರಿಪೇರಿ ಮಾಡಿದರೂ ಏನಾಗಿತ್ತು, ಏನು ಮಾಡಿದೆ ಎಂದು ಒಂದು ಪುಸ್ತಕದಲ್ಲಿ ನಿಜ ಬರೆದು ಅವರ ಸಹಿ ಹಾಕಿಸುತ್ತೇನೆ. ನಕ್ಷೆ ಐದೈದು ನಿಮಿಷಕ್ಕೆ ತಾನಾಗಿ ಸೇವ್ ಆಗುವ ಹಾಗೆಯೂ ಮಾಡಿದೆ. ಬಸುರಿಯರ ಮನೆಯ ವಿಳಾಸವನ್ನು ದಿನಾ ಒಂದು ಕಾಗದದಲ್ಲಿ ಬರೆದು ಕಚೇರಿಯ ಬಾಗಿಲಿಗೆ ಅಂಟಿಸುವುದು ರೋಸಮ್ಮನ ಸಲಹೆ.

ಒಂದು ಬುಧವಾರ ಬೆಳಿಗ್ಗೆ ಯಂತ್ರ ಹೇಗಿದೆ ಎಂದು ನೋಡಲು ಹೋಗಿದ್ದೆ. ಸಾಲಿನಲ್ಲಿ ದೇವೀರಮ್ಮ ನಿಂತಿದ್ದರು. ಅವರ ಮನೆಯ ಸುದ್ದಿಯನ್ನು ಹದಿನಾಲ್ಕು ವರ್ಷ ಯಾರೋ ಪಕ್ಕದವರು ಫೋನು ಮಾಡಿ ಹೇಳುತ್ತಿದ್ದರು. ಸರದಿ ಬಂದಾಗ, "ಇವತ್ತು ಅಕ್ಕಸಾಲಿಗರ ಬೀದಿ, ಬಾವಿ ಎದುರು" ಅಂದರು. ಪುಟ್ಟಲಿಂಗಯ್ಯನವರು, "ಅಕ್ಕಸಾಲಿಗರ ಬೀದಿ, ಬಾವಿ ಎದುರು" ಎಂದು ಎರಡು ಸಲ ಹೇಳಿದರು. ಆಕೆ ಮೇಜಿನ ಈಚೆಗೆ ಸುತ್ತಿ ಬಂದು, "ಸರಿ, ನಾನೇ ಇಡ್ತೀನಿ" ಅಂದರು.

ಅವರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಅಕ್ಕ ಮೌಸನ್ನು ಹಿಡಿದು, ಬಾಣ ಮೇಲೆ ಹೋಗಲಿ ಎಂದು ಮೌಸನ್ನೇ ಗಾಳಿಯಲ್ಲಿ ಎತ್ತಿದರು. ಸಾಲಿನಲ್ಲಿ ನಗು ಎದ್ದಿತು. ತಮ್ಮ ಆಕೆಯ ಕೈಯನ್ನು ಹಿಡಿದು ರಟ್ಟಿನ ಮೇಲೆ ಇಳಿಸಿದರು. "ಮೆತ್ತಗೆ. ತಳ್ಳು. ಒತ್ತಿ ಹಿಡ್ಕೋ. ಬಿಡಬೇಡ, ಬಿಡಬೇಡ." ಚೌಕ ಕೆರೆಯೊಳಗೆ ಬಿತ್ತು. ಮತ್ತೆ ಎತ್ತಿದರು, ಆಸ್ಪತ್ರೆಯ ಮೇಲೆ ಬಿತ್ತು. ಹಿಂದಿನಿಂದ ಗ್ಯಾಸಿನವನು, "ಅಜ್ಜಿ, ಬೇಗ" ಅಂದ. "ತಾಳಪ್ಪ, ಕಲೀತಾ ಇದೀನಿ" ಅಂದರು ದೇವೀರಮ್ಮ, ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು.

ಆ ದಿನ ನಕ್ಷೆ ಅರ್ಧ ಗಂಟೆ ತಡವಾಯಿತು. ವಾರಿಜಾ ಮೇಡಂ ಬಾಗಿಲಿಗೆ ಬಂದು, ಮತ್ತೆ ಏನಾಯಿತು ಎಂಬಂತೆ ನನ್ನ ಮುಖ ನೋಡಿದರು. "ಯಂತ್ರದ್ದೇನೂ ತಪ್ಪಿಲ್ಲ ಮೇಡಂ" ಅಂದೆ. ಅವರು ಮೇಜಿನ ಕಡೆ ನೋಡಿ, ಸಾಲಿನ ಕೊನೆಯಲ್ಲಿ ಕುರ್ಚಿ ಎಳೆದುಕೊಂಡು ಕೂತರು.